ಸುಶೀಲಾಳ ಗ್ರೈಂಡರೂ ನನ್ನ ಟೆಸ್ಟರೂ

ಹೊಸೂರಿನ ಕಾರ್ಖಾನೆಯೊಂದರ ಎಲೆಕ್ಟ್ರಿಕಲ್ ವಿಭಾಗದಲ್ಲಿ ನನಗೆ ಹನ್ನೆರಡು ವರ್ಷದ ಅನುಭವ. ಆ ವಿಭಾಗದ ಸ್ಟೋರಿನಲ್ಲಿ ವೈರು, ಫ್ಯೂಸು ತೆಗೆದುಕೊಡುವುದಷ್ಟೇ ನನ್ನ ಕೆಲಸ ಎಂದು ಅವಲಪಲ್ಲಿಯ ನಮ್ಮ ಬೀದಿಯಲ್ಲಿ ಯಾರಿಗೂ ಹೇಳಿಲ್ಲ. ಯಾರೂ ಕೇಳಿಲ್ಲ! ಹೋದ ತಿಂಗಳು ಹೆಂಡತಿ ಸುಶೀಲಾಗೆ ಬಟ್ಟೆ ಒಣಹಾಕಲು ಹಿತ್ತಲಲ್ಲಿ ಗಟ್ಟಿ ಕಂಬಿ ಕಟ್ಟಿಕೊಟ್ಟವನೂ ನಾನೇ.

ಶನಿವಾರ ಮಧ್ಯಾಹ್ನ ಅವಳು ಕೈ ಒದರುತ್ತಾ ಬಂದಳು.

“ರೀ, ಗ್ರೈಂಡರ್ ಮುಟ್ಟಿದ್ರೆ ಜುಮ್ ಅಂತೈತೆ. ನಾಳೆ ಪಕ್ಕದ್ಮನೆ ಸೆಲ್ವಿ ಅಕ್ಕನ ಮಗಳ ಸೀಮಂತ. ನಲವತ್ತು ಜನಕ್ಕೆ ಇಡ್ಲಿ ಹಿಟ್ಟು ನಾನೇ ಕೊಡ್ತೀನಿ ಅಂದ್ಬುಟ್ಟಿದೀನಿ. ಎಲೆಕ್ಟ್ರಿಷಿಯನ್ ಮುರುಗೇಶಣ್ಣನ್ನ ಕರೀರಿ.”

ಮನೆಯಲ್ಲಿ ನಾನಿರುವಾಗ ಮುರುಗೇಶನೇ?

“ಅರ್ಧ ಗಂಟೆ ಕೊಡು,” ಎಂದೆ.

ಎಂದೆನೇ ಹೊರತು ಕೂತಲ್ಲಿ ಕೂರಲಾಗಲಿಲ್ಲ. ಅಕ್ಕಿ, ಉದ್ದು ಆಗಲೇ ನೆನೆದಿತ್ತು. ಸುಶೀಲಾ ಗಡಿಯಾರ ನೋಡುವಳು, ನನ್ನನ್ನು ನೋಡುವಳು. ಎದ್ದು ಬೀದಿ ಮೂಲೆಯ ಟ್ರಾನ್ಸ್‌ಫಾರ್ಮರ್ ತನಕ ಹೋಗಿ ಬೇಲಿಯಾಚೆಯಿಂದ ಪರಿಶೀಲಿಸಿದೆ. ಅಲ್ಲಿ ಕರೆಂಟು ಮರಳಿಬರುವ ನ್ಯೂಟ್ರಲ್ಲಿನಿಂದ ಒಂದು ಲೋಹದ ಪಟ್ಟಿ ನೇರ ನೆಲಕ್ಕಿಳಿದಿತ್ತು. ಅಂದರೆ ನ್ಯೂಟ್ರಲ್ಲನ್ನೂ ಅರ್ತನ್ನೂ ಸರ್ಕಾರವೇ ಸೇರಿಸಿದೆ! ಇನ್ನು ನನ್ನದೇನು ಅಭ್ಯಂತರ?

ಮನೆಗೆ ಬಂದು ಮೇನ್ ಆರಿಸಿ, ಗ್ರೈಂಡರಿನ ಪ್ಲಗ್ ಪಾಯಿಂಟ್ ಬಿಚ್ಚಿ, ನ್ಯೂಟ್ರಲ್ಲಿನ ಕಪ್ಪು ವೈರಿಗೂ ಅರ್ತಿನ ಹಸಿರು ವೈರಿಗೂ ಶಾಸ್ತ್ರೋಕ್ತವಾಗಿ ಗಂಟು ಹಾಕಿದೆ. ಮೇನ್ ಹಾಕಿ, “ಈಗ ಮುಟ್ಟು,” ಎಂದೆ.

“ಮೊದ್ಲು ನೀವ್ ಮುಟ್ರಿ.”

ಹನ್ನೆರಡು ವರ್ಷದ ಅನುಭವಕ್ಕೆ ಎಂಥ ಅವಮಾನ! ಟೆಸ್ಟರನ್ನು ಗ್ರೈಂಡರಿಗೆ ತಾಗಿಸಿ ಅದರ ದೀಪ ನೋಡಿದೆ. ಉರಿಯಿತು. ಫ್ರಿಜ್ಜಿಗೆ ತಾಗಿಸಿದೆ. ಉರಿಯಿತು. ವಾಷಿಂಗ್ ಮೆಷಿನ್? ಅದೂ! ಸುಶೀಲಾ ಓಡಿಹೋಗಿ ಮೇನ್ ಆರಿಸಿದಳು. ಅವಳು ನನ್ನ ಮಾತು ನಂಬಿ ಮುಟ್ಟಿದ್ದರೆ ಎಂದು ನೆನೆದು ಟೆಸ್ಟರನ್ನು ಕೆಳಗಿಟ್ಟುಬಿಟ್ಟೆ. ಮುರುಗೇಶನಿಗೆ ಫೋನ್ ಮಾಡಿದ್ದೂ ಅವಳೇ.

“ಯಾರ್ ಸಾರ್ ಈ ಗಂಟಾಕಿದ್ದು?” ಬಂದವನೇ ಪ್ಲಗ್ ಪಾಯಿಂಟ್ ಬಿಚ್ಚಿ ನೋಡಿದ ಮುರುಗೇಶ ಕೇಳಿದ.

“ಟ್ರಾನ್ಸ್‌ಫಾರ್ಮರಿನಲ್ಲೂ ಹಾಗೇ ಇದೆಯಲ್ಲಪ್ಪ...”

“ಅಯ್ಯೋ ಕಡವುಳೇ! ಅವು ಸೇರೋದು ಅಲ್ಲಿ ಸಾರ್, ಗ್ರೈಂಡರ್ ಹತ್ರ ಅಲ್ಲ. ಅದ್ರಲ್ಲೂ ಈ ಪಾಯಿಂಟಲ್ಲಿ ವೈರು ಅದಲುಬದಲಾಗೈತೆ. ನೀವು ಅರ್ತ್‌ಗೆ ಸೇರ್ಸಿರೋದು ಕರೆಂಟ್ ಬರೋ ವೈರು! ಅರ್ತ್ ಎಲ್ಲಾ ಮೆಷಿನ್ನಿಗೂ ಒಂದೇ, ಅದ್ಕೇ ಫ್ರಿಜ್ಜಿಗೂ ಕರೆಂಟ್ ಹತ್ತೈತೆ. ಆದ್ರೂ ಫ್ಯೂಸ್ ಯಾಕ್ ಹೋಗ್ನಿಲ್ಲ?”

ಅವನು ಮೀಟರಿನಿಂದ ಅರ್ತ್ ಕಂಬಿಯ ಜಾಡು ಹಿಡಿದು ಹಿತ್ತಲಿಗೆ ಬಂದ. ಗೋಡೆಯಿಂದ ಇಳಿದ ಕಂಬಿ ಮೊಳಕಾಲೆತ್ತರದಲ್ಲಿ ಕತ್ತರಿಸಿಹೋಗಿತ್ತು. ಅಲ್ಲಿಂದ ಮೂಲೆಯ ಅರ್ತ್ ಗುಂಡಿಯವರೆಗೆ ಏನೂ ಇಲ್ಲ!

“ಸೋರಿದ ಕರೆಂಟು ನೆಲಕ್ಕೋಗಾಕೆ ದಾರೀನೇ ಇಲ್ಲ. ಅದ್ಕೇ ಜುಮ್ ಅಂದಿರೋದು, ಫ್ಯೂಸೂ ಹೋಗ್ದಿರೋದು. ಯಾವನೋ ಕಳ್ಳ ಕತ್ತರಿಸ್ಕೊಂಡ್ ಹೋಗ್ಬುಟ್ಟವ್ನೆ!”

ಸುಶೀಲಾ ತಲೆಯೆತ್ತಿ ಬಟ್ಟೆ ಒಣಹಾಕಿದ್ದ ಕಂಬಿ ನೋಡಿದಳು. ಅದರ ಮೇಲೆ ನನ್ನದೇ ಎರಡು ಪ್ಯಾಂಟು ನೇತಾಡುತ್ತಿದ್ದವು.

“ಕಳ್ಳ ಎಲ್ಲೂ ಹೋಗಿಲ್ಲ ಮುರುಗೇಶಣ್ಣ,” ಎಂದಳು. “ಇಲ್ಲೇ ನಿಂತವ್ರೆ.”

ಅಕ್ಕಿಯ ಬಕೆಟ್ಟು ಹೊತ್ತು ಸೆಲ್ವಿ ಅಕ್ಕನ ಮನೆಗೆ ನಾನೇ ಹೋದೆ. ಅವರಿಗೆ ಕೊಡಬೇಕಾದ ಹಿಟ್ಟನ್ನು ಅವರ ಗ್ರೈಂಡರಿನಲ್ಲೇ ರುಬ್ಬಿದೆವು!

ಈಗ ಗುಂಡಿಗೆ ಹೊಸ ಕಂಬಿ ಬಂದಿದೆ, ಬಟ್ಟೆಗೆ ನೈಲಾನ್ ಹಗ್ಗ. ದಿನಾ ಬೆಳಿಗ್ಗೆ ಅರ್ತ್ ಗುಂಡಿಯ ತೇವ ಆರದಂತೆ ಒಂದು ಬಿಂದಿಗೆ ನೀರು ಸುರಿಯುವುದು ನನ್ನ ಪಾಲಿಗೆ ಉಳಿದ ಎಲೆಕ್ಟ್ರಿಕಲ್ ಕೆಲಸ. ಟೆಸ್ಟರ್ ಸುಶೀಲಾ ಹತ್ತಿರ ಇದೆ.