ವ್ಯಾನಣ್ಣನ ಕಸರತ್ತು

ಮೂರನೇ ಮಹಡಿಯಿಂದ ಒಂದು ಶವವನ್ನು ಇಳಿಸುವಾಗ ವ್ಯಾನಣ್ಣ ನಡುದಾರಿಯಲ್ಲಿ ಎರಡು ಸಲ ಸ್ಟ್ರೆಚರನ್ನು ಕೆಳಗಿಟ್ಟ. ಎಲ್ಲಕ್ಕೂ ಮೂಲ ಇಷ್ಟೇ. ಮೊದಲನೆಯ ಸಲ ಯಾರೂ ಏನೂ ಅನ್ನಲಿಲ್ಲ. ಎರಡನೆಯ ಸಲ ಅವನು ಗೋಡೆಗೆ ಒರಗಿ, ದಡಕ್ಕೆ ಎಳೆದ ಮೀನಿನ ಹಾಗೆ ಬಾಯಿ ತೆರೆದದ್ದನ್ನು ಕಂಡು ಸತ್ತವರ ಭಾವಮೈದುನ ಅಳು ನಿಲ್ಲಿಸಿ ಅವನಿಗೆ ನೀರು ತರಿಸಿಕೊಟ್ಟ. ಮರುದಿನ ಅದೇ ಭಾವಮೈದುನ ಕಚೇರಿಗೆ ದೂರು ಬರೆದ.

ಹತ್ತೊಂಬತ್ತು ವರ್ಷದಿಂದ ಅವನು ಊರಿನ ಶವವಾಹನ ಓಡಿಸುತ್ತಿದ್ದ. ಯಾವ ವಾಹನ ಎಂದು ಬಾಯಿಬಿಟ್ಟು ಹೇಳಲು ಅಕ್ಕಪಕ್ಕದವರಿಗೆ ಮುಜುಗರ. ಅದಕ್ಕೇ ವ್ಯಾನಣ್ಣ. ಅವನು ಎದುರಾದರೆ ದಾರಿ ಬಿಡುತ್ತಿದ್ದರು, ನಗುತ್ತಲೂ ಇದ್ದರು, ಆದರೆ ಯಾರೂ ‘ಬನ್ನಿ ಮನೆಗೆ’ ಅನ್ನುತ್ತಿರಲಿಲ್ಲ.

ಮೇಲ್ವಿಚಾರಕರು ದೂರನ್ನು ಎರಡು ಸಲ ಓದಿ, ಇನ್ನೊಂದು ತಿಂಗಳಿಗೆ ಪರೀಕ್ಷೆ ಇಟ್ಟರು. ಮರಳಿನ ಚೀಲ ಮಲಗಿಸಿದ ಸ್ಟ್ರೆಚರನ್ನು ಮೂರು ಮಹಡಿ ಇಳಿಸಬೇಕು, ಮತ್ತೆ ಹತ್ತಿಸಬೇಕು. ಎಲ್ಲೂ ನೆಲಕ್ಕೆ ತಾಗಬಾರದು. ತಾಗಿದರೆ ಕಚೇರಿಯಲ್ಲಿ ಸಾವು ಬರೆದುಕೊಳ್ಳುವ ಕೌಂಟರಿಗೆ ವರ್ಗ.

ಕೌಂಟರ್ ಎಂದರೆ ಕುರ್ಚಿ, ಫ್ಯಾನು, ನೆರಳು. ಬೇರೆ ಯಾರಾದರೂ ಕುಣಿಯುತ್ತಿದ್ದರು. ವ್ಯಾನಣ್ಣನಿಗೆ ಮಾತ್ರ ನಿದ್ದೆ ಹಾರಿಹೋಯಿತು. ಹೊರುವವನಿಗೆ ಕಾಣುವುದು ಮುಂದಿನವನ ಬೆನ್ನು, ಮೆಟ್ಟಿಲು, ಅಷ್ಟೇ. ಕೌಂಟರಿನವನು ಕಿಂಡಿಯಾಚೆ ನಿಂತ ತಂದೆಯನ್ನೋ ತಾಯಿಯನ್ನೋ ನೋಡಿ ‘ಹೆಸರು? ವಯಸ್ಸು?’ ಎಂದು ಕೇಳಬೇಕು. ಒಮ್ಮೆ ರಜೆಯವರ ಬದಲಿಗೆ ಕೂತಿದ್ದಾಗ ಒಬ್ಬಾಕೆ ‘ಏಳು ತಿಂಗಳು’ ಎಂದಿದ್ದಳು. ಅವನ ಪೆನ್ನು ಅಲ್ಲಿಗೇ ನಿಂತಿತ್ತು. ಸತ್ತವರನ್ನು ಎಷ್ಟು ಬೇಕಾದರೂ ಹೊತ್ತಾನು, ಬದುಕಿ ಉಳಿದವರ ಮುಖ ನೋಡುವುದು ಅವನಿಂದಾಗದು.

ಡಾಕ್ಟರು ಹೊಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿ, ಇದು ಕೊಬ್ಬು, ಕರಗುತ್ತೆ, ಆದರೆ ಅವಸರ ಬೇಡ ಅಂದರು. ಮನೆಯಲ್ಲೇ ನಿಂತಲ್ಲಿ ನಡೆಯಬೇಕು, ಅರ್ಧ ಗಂಟೆ. ಆಮೇಲೆ ಮೆಟ್ಟಿಲು. ವೇಗ ಎಷ್ಟಿರಬೇಕು ಎಂದು ಇವನು ಕೇಳಿದ್ದಕ್ಕೆ, ‘ಮಾಡ್ತಾ ಮಾಡ್ತಾ ಮಾತಾಡೋಕೆ ಆಗ್ಬೇಕು. ಮಾತು ನಿಂತ್ರೆ ನೀವೂ ನಿಂತ್ಬಿಡಿ’ ಎಂದರು.

ಭಾನುವಾರ ಬೆಳಗ್ಗೆ ಅವನು ಮಂಚವನ್ನು ಗೋಡೆಗೆ ಸರಿಸಿ, ಬನಿಯನ್ನಿನಲ್ಲಿ ನಿಂತು, ಮೊಣಕಾಲು ಎತ್ತಿ ಎತ್ತಿ ನಡೆಯತೊಡಗಿದ. ಮಾತಾಡಬೇಕಲ್ಲ, ಹೆಂಡತಿಯ ಜೊತೆ ಮಾತಾಡಿದ. ಆಕೆ ಬಟ್ಟೆ ಮಡಿಸುತ್ತ ಎರಡು ಸಲ ಹೂಂಗುಟ್ಟಿ, ಮೂರನೆಯ ಸಲ ಒಗೆಯಲು ಇನ್ನೂ ಬಟ್ಟೆ ಇದೆಯೆಂದು ಬಚ್ಚಲಿಗೆ ಹೋದಳು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅವನು ಅಷ್ಟು ಮಾತಾಡಿದ್ದು ಅವತ್ತೇ, ಆಕೆಗೆ ಗಾಬರಿಯಾಗಿರಬೇಕು.

ಹತ್ತು ನಿಮಿಷಕ್ಕೆ ಬಾಗಿಲು ಬಡಿಯಿತು. ಕೆಳಮನೆಯ ಟೈಲರಮ್ಮ. ಕೈಯಲ್ಲಿ ಕಪ್ಪು ಕೋಟು, ಕೋಟಿನ ಮೇಲೆ ಸುಣ್ಣದ ಪುಡಿ.

‘ಅಣ್ಣ, ಮೇಲೆ ಏನು ಕುಟ್ತಿದೀರಿ? ಸೂರೇ ಉದುರ್ತಿದೆ. ಗಿರಾಕಿ ಸಂಜೆ ಬರ್ತಾರೆ.’

ಕಸರತ್ತು ಎನ್ನಲು ಅವನಿಗೆ ನಾಚಿಕೆ. ಏನೂ ಇಲ್ಲ, ಮಂಚ ಸರಿಸಿದೆ ಎಂದ. ಆಕೆ ಹೋದ ಮೇಲೆ ಬನಿಯನ್ನಿನ ಮೇಲೆ ಖಾಕಿ ಅಂಗಿ ತೊಟ್ಟು ಮೆಟ್ಟಿಲಿಗೆ ಬಂದ. ಬೇರೆ ಅಂಗಿಗಳೆಲ್ಲ ಬಚ್ಚಲಲ್ಲಿ ನೆನೆದಿದ್ದವು.

ಮೆಟ್ಟಿಲ ಮೇಲೆ ಮಾತಾಡಲು ಯಾರೂ ಇರಲಿಲ್ಲ. ಬಾಯಿಗೆ ಬಂದದ್ದು ಹತ್ತೊಂಬತ್ತು ವರ್ಷದ ರೂಢಿಯ ಮಾತು. ‘ನಿಧಾನ. ತಿರುವು ಬಂತು. ತಲೆ ಜೋಪಾನ. ಹಾಂ, ಇಳಿಸಿ, ಇಳಿಸಿ.’ ಹೀಗೆ ಗೊಣಗುತ್ತ ಮೂರನೇ ಮಹಡಿಗೆ ಹೋದ, ಕೆಳಗೆ ಬಂದ, ಮತ್ತೆ ಹೋದ.

ಮೂರನೇ ಮಹಡಿಯಲ್ಲಿದ್ದದ್ದು ಒಂದೇ ಮನೆ. ಅಲ್ಲಿ ಗಡಿಯಾರ ರಿಪೇರಿಯ ಅಜ್ಜ ಸೊಂಟ ಮುರಿದುಕೊಂಡು ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದರು.

ಮೂರನೆಯ ಸುತ್ತಿನಲ್ಲಿ ಟೈಲರಮ್ಮ ಮೆಟ್ಟಿಲ ಬುಡದಲ್ಲಿ ಕಾದಿದ್ದಳು. ಖಾಕಿ ಅಂಗಿ, ಟವೆಲ್ಲಿನಿಂದ ಮತ್ತೆ ಮತ್ತೆ ಒರೆಸಿಕೊಳ್ಳುವ ಮುಖ, ‘ಇಳಿಸಿ, ಇಳಿಸಿ’ ಎಂಬ ಗೊಣಗಾಟ. ಆಕೆ ದನಿ ತಗ್ಗಿಸಿ ಕೇಳಿದಳು.

‘ಅಣ್ಣ, ಮೇಲೆ... ಅಜ್ಜ?’

ಆ ಹೊತ್ತಿಗೆ ವ್ಯಾನಣ್ಣನ ಮಾತು ನಿಂತುಹೋಗಿತ್ತು. ಇನ್ನೊಂದು ಸುತ್ತು ಬಾಕಿ ಎಂಬರ್ಥದಲ್ಲಿ ಅವನು ಒಂದು ಬೆರಳನ್ನು ಮೇಲಕ್ಕೆ ತೋರಿಸಿ, ತಲೆಯಾಡಿಸಿ, ಕಂಬಿ ಹಿಡಿದು ಹತ್ತಿದ.

ಟೈಲರಮ್ಮ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿದಳು. ಮೊದಲ ಫೋನು ಎದುರು ಸಾಲಿನವರಿಗೆ, ಎರಡನೆಯದು ಅಜ್ಜನ ಹಳೆಯ ಗೆಳೆಯರಿಗೆ, ಮೂರನೆಯದು ಶವವಾಹನದ ಕಚೇರಿಗೆ: ನಿಮ್ಮವರು ಆಗಲೇ ಬಂದಿದಾರೆ, ಗಾಡಿ ಒಂದು ಕಳಿಸಿ. ವ್ಯಾನಣ್ಣ ಕೊನೆಯ ಸುತ್ತು ಮುಗಿಸಿ ಕೆಳಗಿಳಿದಾಗ ಮೆಟ್ಟಿಲ ಬುಡದಲ್ಲಿ ಇಪ್ಪತ್ತು ಜನ ಮುಖ ಇಳಿಬಿಟ್ಟು ನಿಂತಿದ್ದರು. ಯಾರು ಹೋದರು ಎಂದು ಅವನೂ ಮೆಲ್ಲಗೆ ವಿಚಾರಿಸಿದ. ಅಜ್ಜ ಎಂದರು. ಅವನಿಗೆ ನಿಜವಾಗಿಯೂ ದುಃಖವಾಯಿತು. ತಾನು ಇಷ್ಟು ಹೊತ್ತು ಆ ಬಾಗಿಲ ಮುಂದೆಯೇ ‘ಇಳಿಸಿ, ಇಳಿಸಿ’ ಎಂದು ಗೊಣಗಿದೆನಲ್ಲ ಎಂದು ತಲೆ ತಗ್ಗಿಸಿದ.

ತರಕಾರಿ ಚೀಲ ಹಿಡಿದು ಮಾರುಕಟ್ಟೆಯಿಂದ ಬಂದ ಅಜ್ಜನ ಸೊಸೆಗೆ ಗುಂಪೇ ವಿಷಯ ತಿಳಿಸಿತು. ‘ಈಗ ತಾನೆ ಹಾಲು ಕುಡಿಸಿ ಹೋದ್ನಲ್ಲ’ ಎಂದು ಆಕೆ ಕುಸಿದಳು. ಅಷ್ಟರಲ್ಲಿ ವ್ಯಾನು ಬಂತು. ಭಾನುವಾರ ಬೇರೆ ಆಳಿಲ್ಲದೆ ಮೇಲ್ವಿಚಾರಕರೇ ಓಡಿಸಿಕೊಂಡು ಬಂದಿದ್ದರು. ರಜೆಯ ದಿನವೂ ಖಾಕಿ ತೊಟ್ಟು ಸಿದ್ಧನಾಗಿದ್ದ ವ್ಯಾನಣ್ಣನನ್ನು ನೋಡಿ ಅವರು ಮೆಚ್ಚಿಕೊಂಡರು. ಇಬ್ಬರೂ ಸ್ಟ್ರೆಚರ್ ಹಿಡಿದು ಹತ್ತಿದರು. ಸೊಸೆ ಬೀಗ ತೆಗೆದಳು.

ಅಜ್ಜ ದಿಂಬಿಗೆ ಒರಗಿ ಕೂತಿದ್ದರು. ತೊಡೆಯ ಮೇಲೆ ಬಿಚ್ಚಿಟ್ಟ ಗಡಿಯಾರ.

‘ಯಾರಪ್ಪ ಹೋದ್ರು?’ ಎಂದರು.

ಸೊಸೆ ಗೋಡೆ ಹಿಡಿದು ಅತ್ತಳು. ಮೇಲ್ವಿಚಾರಕರು ನೋಡಿದ್ದು ಟೈಲರಮ್ಮನನ್ನು, ಟೈಲರಮ್ಮ ನೋಡಿದ್ದು ವ್ಯಾನಣ್ಣನನ್ನು. ವ್ಯಾನಣ್ಣ ಕೊನೆಗೆ ಕಸರತ್ತಿನ ವಿಷಯ ಒಪ್ಪಿಕೊಳ್ಳಬೇಕಾಯಿತು. ಕೆಲಸ ಬಿಟ್ಟು ಬಂದವರು ಅವನನ್ನು ಸಾಲಾಗಿ ಬೈದರು. ಮನೆ ಖಾಲಿ ಮಾಡಿಸಬೇಕು ಎಂಬಲ್ಲಿಗೆ ಮಾತು ಬಂದಾಗ ಅಜ್ಜ ಕೈಯೆತ್ತಿದರು.

‘ಎರಡು ವರ್ಷ ಆಯ್ತು, ಬೀದಿ ನೋಡಿ. ಹೇಗೂ ಸ್ಟ್ರೆಚರ್ ಬಂದಿದೆ. ಒಂದ್ಸಲ ಇಳಿಸ್ರಪ್ಪ.’

ನಿಯಮದಲ್ಲಿಲ್ಲ ಎಂದು ಮೇಲ್ವಿಚಾರಕರು ತಡವರಿಸಿದರು. ಸೊಸೆ ಅವರ ಮುಂದೆ ಕೈ ಜೋಡಿಸಿದಳು. ಕೊನೆಗೆ ಮೇಲ್ವಿಚಾರಕರು ಕಾಲಿನ ಕಡೆ, ವ್ಯಾನಣ್ಣ ತಲೆಯ ಕಡೆ.

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಸ್ಟ್ರೆಚರಿನಿಂದ ಒಂದು ಮುಖ ಅವನನ್ನು ನೋಡುತ್ತಿತ್ತು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಅಜ್ಜ ಕೇಳಿದರು: ಎಷ್ಟು ಜನರನ್ನ ಹೊತ್ತಿದೀಯಪ್ಪ, ಭಾರ ಯಾರದು ಜಾಸ್ತಿ. ಅವನು ಹೇಳಿದ, ಮಕ್ಕಳದು ಅಜ್ಜ. ತಮ್ಮದೂ ಒಂದು ಮಗು ಹೀಗೇ ಹೋಗಿತ್ತು ಎಂದರು ಅಜ್ಜ. ಹಾಗೆ ಮಾತು ಮುಂದುವರಿಯಿತು. ಬೀದಿಯಲ್ಲಿ ಟೈಲರಮ್ಮನ ಮೇಜಿನ ಮೇಲೆ ಸ್ಟ್ರೆಚರ್ ಇಟ್ಟರು. ಕಾಲು ಗಂಟೆ ಅಜ್ಜ ತಮ್ಮ ಹಳೆಯ ಅಂಗಡಿಯತ್ತ ನೋಡಿದರು. ಅಲ್ಲೀಗ ಚಪ್ಪಲಿ ಮಾರುತ್ತಿದ್ದರು. ತಮ್ಮ ಸಾವಿಗೆ ಬಂದಿದ್ದ ಗೆಳೆಯರ ಕೈ ಕುಲುಕಿದರು. ಆಮೇಲೆ ಸಾಕು ಎಂದರು.

ಹತ್ತುವಾಗ ಎರಡನೇ ಮಹಡಿಯಲ್ಲಿ ಮೇಲ್ವಿಚಾರಕರೇ ಏದುಸಿರು ಬಿಡುತ್ತ, ಇಡೋಣ ಕಣೋ ಎಂದರು. ವ್ಯಾನಣ್ಣನ ತೊಡೆಗಳು ಉರಿಯುತ್ತಿದ್ದವು. ಆದರೆ ಅಜ್ಜನ ಜೊತೆ ಮಾತು ನಿಂತಿರಲಿಲ್ಲ. ಬೇಡ ಸಾರ್, ನಡೀರಿ ಎಂದ. ಸ್ಟ್ರೆಚರ್ ಎಲ್ಲೂ ನೆಲಕ್ಕೆ ತಾಗಲಿಲ್ಲ.

ಅಜ್ಜನನ್ನು ಮಲಗಿಸಿ ಹೊರಬಂದ ಮೇಲೆ ಮೇಲ್ವಿಚಾರಕರು ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಬೆವರು ಒರೆಸಿಕೊಂಡರು. ಪರೀಕ್ಷೆ ಇನ್ನು ಬೇಕಿಲ್ಲ ಎಂದರು. ವ್ಯಾನಣ್ಣನ ಎದೆ ಹಗುರಾಯಿತು.

‘ಹೊರೋಕೆ ನಿನ್ನ ಕೈಲಿ ಆಗುತ್ತೆ, ಒಪ್ಪಿದೆ. ಆದ್ರೆ ಹೊರೋರು ನಂಗೆ ಎಷ್ಟು ಬೇಕಾದ್ರೂ ಸಿಗ್ತಾರೆ ಕಣಯ್ಯ’ ಎಂದು ಅವರು ಅವನ ಹೆಗಲ ಮೇಲೆ ಕೈಯಿಟ್ಟರು. ‘ನೊಂದೋರ ಜೊತೆ ಹಾಗೆ ಮಾತಾಡೋ ಮನುಷ್ಯನ್ನ ಎಂಟು ವರ್ಷದಿಂದ ಹುಡುಕ್ತಿದೀನಿ. ನಾಳೆಯಿಂದ ಕೌಂಟರಿಗೆ ಬಾ.’

ಅವನು ಏನೋ ಹೇಳಲು ಬಾಯಿ ತೆರೆದ. ಮಾತು ಹೊರಡಲಿಲ್ಲ.

ಮನೆಯಲ್ಲಿ ಹೆಂಡತಿ ಬಟ್ಟೆ ಹರವಿ ಮುಗಿಸಿ, ಪರೀಕ್ಷೆಯ ಮಾತು ಬಂತಾ, ಸಾಹೇಬರು ಏನಂದರು ಎಂದು ಕೇಳಿದಳು.

‘ಪಾಸಾದೆ’ ಎಂದ ಅವನು. ಅವನ ಮುಖ ನೋಡಿದ ಆಕೆ ಇನ್ನೇನೂ ಕೇಳದೆ, ಮಂಚದ ಇನ್ನೊಂದು ತುದಿ ಹಿಡಿದು ಅದನ್ನು ಇದ್ದ ಜಾಗಕ್ಕೆ ಎಳೆಯಲು ನೆರವಾದಳು.