ಉಡಿದಾರದ ಅಳತೆ

ಊರಿಗಾಂ ಚಿನ್ನದ ಗಣಿಯ ಕೂಲಿಗಳಿಗೆ ಕಟ್ಟಿಸಿದ ನಮ್ಮ ಲೈನುಮನೆಗಳಲ್ಲಿ ಸಣ್ಣಗಾಗುವುದೆಂದರೆ ಸಾಯಲು ಹೊರಟಂತೆ. ಗಣಿಯ ದೂಳು ಕುಡಿದವರು ಮೊದಲು ಕೆಮ್ಮುತ್ತಾರೆ, ಆಮೇಲೆ ಸಣ್ಣಗಾಗುತ್ತಾರೆ, ಆಮೇಲೆ ಇರುವುದಿಲ್ಲ. ನಮ್ಮಪ್ಪನೂ ಹಾಗೇ ಹೋದರು. ಇನ್ನು ಈ ಮನೆಯಲ್ಲಿ ಯಾರೂ ಸಣ್ಣಗಾಗಕೂಡದೆಂದು ಅಮ್ಮ ಪಣ ತೊಟ್ಟಳು. ನಾನು ಗುಮಾಸ್ತನಾಗಿ ಗಣಿಯ ದೂಳಿನಿಂದ ಪಾರಾದೆ, ಅವಳ ತುಪ್ಪದಿಂದ ಪಾರಾಗಲಿಲ್ಲ. ನನ್ನ ನಂತರ ಸರದಿ ನನ್ನ ಮಗ ಸೀನನದು.

ಸೀನನ ಆರೋಗ್ಯ ಅಳೆಯಲು ಅಮ್ಮನಿಗೆ ತಕ್ಕಡಿ ಬೇಕಿರಲಿಲ್ಲ, ಅವನ ಸೊಂಟದ ಉಡಿದಾರ ಸಾಕಿತ್ತು. ಅದು ಬಿಗಿಯಾಗಿ ಚರ್ಮಕ್ಕೆ ಕಚ್ಚಿದ ದಿನ ಮನೆಯಲ್ಲಿ ಹಬ್ಬ. ಹಳೆಯದನ್ನು ಕತ್ತರಿಸಿ, ಅದಕ್ಕಿಂತ ನಾಲ್ಕು ಬೆರಳು ಉದ್ದವಾದ ಹೊಸದನ್ನು ಕಟ್ಟಿ, ಪಾಯಸ ಮಾಡಿ ಲೈನಿಗೆಲ್ಲ ಹಂಚುತ್ತಿದ್ದಳು. ನಾನೂ ಹಲ್ಲು ಕಿರಿದು ಲೋಟ ಒಡ್ಡುತ್ತಿದ್ದೆ.

ಅಷ್ಟರಲ್ಲಿ ನನಗೆ ವಿಪರೀತ ಬಾಯಾರಿಕೆ ಶುರುವಾಯಿತು, ದಿಬ್ಬ ಹತ್ತಿದರೆ ಎದೆ ಹಿಡಿಯತೊಡಗಿತು, ಬಚ್ಚಲಿಗೆ ಇರುವೆಗಳು ಸಾಲುಗಟ್ಟಿ ಬಂದವು. ಬಂಗಾರಪೇಟೆಯ ಡಾಕ್ಟರು ಸಕ್ಕರೆ ಕಾಯಿಲೆ ಅಂದರು, ಹೃದಯವೂ ಸೋತಿದೆ ಅಂದರು. ಆಮೇಲೆ ಜೊತೆಗಿದ್ದ ಸೀನನನ್ನು ನೋಡಿ, "ಚಿಕ್ಕಂದಿನಲ್ಲಿ ನೀವೂ ಹೀಗೇ ಇದ್ರಾ?" ಎಂದು ಕೇಳಿದರು.

"ಇವನಿಗಿಂತ ಸ್ವಲ್ಪ ಕಮ್ಮಿ ಸಾರ್" ಎಂದೆ, ಮಗನ ಮೇಲಿನ ಹೆಮ್ಮೆಯಿಂದ.

"ಹಾಗಾದ್ರೆ ನಿಮಗಿಂತ ಬೇಗ ಇಲ್ಲಿಗೆ ಬರ್ತಾನೆ. ಇವನ ಮೈ ಇಳಿಸಿ."

ಇಳಿಸಿದೆವು. ತುಪ್ಪ, ಬೆಲ್ಲ ಅಟ್ಟ ಸೇರಿದವು. "ಮಗೀನ ಒಣಗಿಸಿ ಸಾಯಿಸ್ತೀಯೇನ್ಲಾ? ನಿಮ್ಮಪ್ಪನ ಪಕ್ಕೆ ಮೂಳೆ ಮರ್ತೋಯ್ತಾ?" ಎಂದು ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆರು ತಿಂಗಳಿಗೆ ಉಡಿದಾರ ಸಡಿಲವಾಗಿ ತೊಡೆಗೆ ಜಾರಿತು. ಸೀನ ಮೊದಲ ಸಲ ಬೀದಿ ಹುಡುಗರ ಜೊತೆ ಏದುಸಿರಿಲ್ಲದೆ ಓಡಿದ. ಅದನ್ನು ನೋಡಿ ನನಗೆ ನಿಜವಾಗಿ ಸಂತೋಷವಾಯಿತು.

ಆ ಸಂತೋಷ ಪಕ್ಕದ ಮನೆಯ ಮುನಿಯಮ್ಮ ಬಾಯಿ ತೆರೆಯುವ ತನಕ ಇತ್ತು. "ಏನ್ ಸಾಮಿ, ಮಗೀಗೂ ಅವ್ರ ತಾತನ ಕಾಯ್ಲೆನಾ?" ಎಂದಳು. ಮರುದಿನದಿಂದ ಅವಳ ಮಕ್ಕಳು ಸೀನನ ಹತ್ತಿರ ಸುಳಿಯಲಿಲ್ಲ. ವಾರದೊಳಗೆ ಇಡೀ ಲೈನು ನನ್ನನ್ನು ಕನಿಕರದಿಂದ ನೋಡತೊಡಗಿತು. ಡಾಕ್ಟರ ಮಾತನ್ನು ಇವರಿಗೆ ಹೇಳಿಬಿಡಬಹುದಿತ್ತು. ಹೇಳುವ ಬದಲು ಸೀನನಿಗೆ ಬಂಗಾರಪೇಟೆ ಸ್ಟೇಷನ್ನಿನ ಎದುರಿನಿಂದ ಜಿಲೇಬಿ ಕಟ್ಟಿಸಿಕೊಂಡು ಬಂದೆ. ಒಂದೇ ದಿನ ಅಂದುಕೊಂಡಿದ್ದೆ.

ಮೊನ್ನೆ ಸೀನ ಅಂಗಿ ಎತ್ತಿ, "ಅಪ್ಪ, ಇದು ಕಚ್ತದೆ" ಎಂದ. ಓಡುವುದನ್ನು ಬಿಟ್ಟು ಎರಡು ತಿಂಗಳಾಗಿತ್ತು. ಅಮ್ಮ ಕಣ್ಣೊರೆಸಿಕೊಂಡು ಪಾಯಸಕ್ಕೆ ಇಟ್ಟಳು, ಮುನಿಯಮ್ಮ ಲೋಟ ಹಿಡಿದು ಬಂದಳು. ಕತ್ತರಿ ತಂದವನು ನಾನೇ. ಮತ್ತೆ ಮತ್ತೆ ಕತ್ತರಿಸುವ ಕಷ್ಟ ಯಾಕೆಂದು ಹೊಸ ದಾರವನ್ನು ನನ್ನ ಸೊಂಟಕ್ಕೆ ಅಳತೆ ಹಿಡಿದು, ಅವನಿಗೆ ಎರಡು ಸುತ್ತು ಕಟ್ಟಿದೆ.