ಮೂರನೇ ನಂಬರಿನ ಸಾರಥಿ

"ಈ ಭಾನುವಾರ ಆ ಮೂರನೇ ನಂಬರಿನವನನ್ನ ಸೀಟಿನಿಂದ ಕೆಳಗಿಳಿಸದಿದ್ರೆ ನಾನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರೇ ಅಲ್ಲ!" ಎಂದು ನಮ್ಮ ಮೇಷ್ಟ್ರು ಬಚ್ಚಲಮನೆಯ ಕನ್ನಡಿಯ ಮುಂದೆ, ಅರ್ಧ ಗಡ್ಡ ಬೋಳಿಸಿದ ಮುಖದಲ್ಲೇ, ಭೀಕರ ಶಪಥ ಮಾಡಿದರು.

ಶಪಥಕ್ಕೆ ಕಾರಣವಿತ್ತು, ಕೇಳಿ. ಮೇಷ್ಟ್ರ ಹೆಂಡತಿ ಆಂಬ್ಯುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಕೆಲಸ ಮಾಡುವಾಕೆ. ದಿನವಿಡೀ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು "ಎಡಕ್ಕೆ ಹೋಗಿ, ಬಲಕ್ಕೆ ಬನ್ನಿ" ಎನ್ನುವುದೇ ಉದ್ಯೋಗ. ಮನೆಗೆ ಬಂದರೆ ಟೀವಿ ಮುಂದೆ ಕೂತು ಸೈನ್ಯದ ವೀಡಿಯೋ ಗೇಮ್ ಆಡುವುದೇ ವಿಶ್ರಾಂತಿ! ಮೊದಲನೇ ಭಾಗ ಆಡುವಾಗ ತೊಂದರೆಯಿರಲಿಲ್ಲ. ಗುಂಡಿ ಒತ್ತಿದರಾಯಿತು, ಮಾತಿಲ್ಲ ಕತೆಯಿಲ್ಲ. ಎರಡನೇ ಭಾಗ ಬಂತು ನೋಡಿ! ಹೊಗೆ ಗಾಳಿಗೆ ತಕ್ಕಂತೆ ವಾಲುತ್ತದೆ, ಬಾಗಿಲ ಸಂದಿಯಲ್ಲಿ ಇಣುಕಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಪಡೆಯವರಿಗೆ ನಂಬರು ಹಿಡಿದು ಬಾಯಲ್ಲೇ ಆಜ್ಞೆ ಕೊಡಬಹುದು. ಅಂದಿನಿಂದ ಮನೆಯಲ್ಲಿ ಒಂದೇ ಜಪ.

"ಮೂರು, ಗಾಡಿ ತಿರುಗಿಸು... ಶಭಾಷ್! ಅಬ್ಬಬ್ಬಾ, ಏನು ಓಡಿಸ್ತೀಯೋ ನೀನು!"

ಮೇಷ್ಟ್ರ ಹೊಟ್ಟೆಗೆ ಬೆಂಕಿ ಬಿತ್ತು. ಇಪ್ಪತ್ತೆರಡು ವರ್ಷ ಊರಿಗೆಲ್ಲ ಸ್ಟಿಯರಿಂಗ್ ಹಿಡಿಯಲು ಕಲಿಸಿದ ಮಹಾಪುರುಷನಿಗೆ ಈಕೆ ಒಂದು ದಿನವಾದರೂ "ಅಬ್ಬಬ್ಬಾ" ಅಂದಿದ್ದಳೇ? ಎಲ್ಲೋ ಕೂತು ಆಕೆಯ ಜೊತೆ ಆಡುವ ಆ ಗಂಡಸು ಯಾರೆಂದು ಕೇಳಲು ಅಭಿಮಾನ ಅಡ್ಡ ಬಂತು. ಕೊನೆಗೆ, "ಅವನ ಹತ್ರ ಲೈಸೆನ್ಸ್ ಇದೆಯಂತಾ?" ಎಂದರು.

"ಅವನಿಗ್ಯಾಕ್ರೀ ಲೈಸೆನ್ಸು? ಹೇಳಿದ ತಕ್ಷಣ ಹೊರಡ್ತಾನೆ. ಯಾಕೆ, ಏನು ಅಂತ ಒಂದು ಮಾತು ಕೇಳಲ್ಲ."

"ಹಾಗಾದ್ರೆ ಮದುವೆ ಆಗಿಲ್ಲ ಬಿಡು."

ಮೂಲೆಯಲ್ಲಿ ಸ್ವೆಟರ್ ಹೆಣೆಯುತ್ತಿದ್ದ ಮೇಷ್ಟ್ರ ತಾಯಿ ಕಿಸಕ್ಕನೆ ನಕ್ಕರು.

ಆ ವಾರ ಡ್ರೈವಿಂಗ್ ಕಲಿಯಲು ಬಂದವರ ಪಾಡು ಕೇಳಬೇಡಿ. "ಸಾರ್, ಮೂರನೇ ಗೇರ್ ಹಾಕ್ಲಾ?" ಎಂದ ಬ್ಯಾಂಕ್ ಗುಮಾಸ್ತೆಗೆ, "ನನ್ನ ಮುಂದೆ ಮೂರು ಅನ್ನಬೇಡಿ! ಎರಡರಿಂದ ಸೀದಾ ನಾಲ್ಕಕ್ಕೆ ಹೋಗಿ!" ಎಂದು ಅರಚಿದರು. ಪಾಪ, ಆಕೆ ಹೋದರು. ಗಾಡಿ ಹೋಗಲಿಲ್ಲ.

ಭಾನುವಾರ ಮಧ್ಯಾಹ್ನ ಬಂತು. ಹೆಂಡತಿ ಮೂರು ವಾರ ಏಗಿ ಕೊನೆಯ ಕಾರ್ಯಾಚರಣೆಗೆ ತಲುಪಿದ್ದಳು. ಗಾಯಾಳು ಸೈನಿಕರನ್ನು ನಾಲ್ಕೇ ನಿಮಿಷದಲ್ಲಿ ಸೇತುವೆ ದಾಟಿಸಬೇಕು.

"ಇವತ್ತು ಗಾಡಿ ನಾನು ಓಡಿಸ್ತೀನಿ!"

"ಬೇಡ ರೀ. ಸೋತರೆ ಇಡೀ ಆಟ ಮೊದಲಿಂದ ಶುರು."

"ಅವನ ಮೇಲಿರೋ ನಂಬಿಕೆ ಕಟ್ಟಿಕೊಂಡವನ ಮೇಲಿಲ್ಲ, ಅಲ್ವಾ?"

ಆಕೆ ನಿಟ್ಟುಸಿರುಬಿಟ್ಟು ಇನ್ನೊಂದು ಕಂಟ್ರೋಲರ್ ಕೈಗಿತ್ತಳು. ಟೀವಿಯೊಳಗೆ ಮೂರನೇ ನಂಬರು ಇಳಿದ, ಮೇಷ್ಟ್ರು ಏರಿದರು. ಆಹಾ, ಪಟ್ಟಾಭಿಷೇಕ!

"ಹೊರಡಿ!"

"ತಾಳು, ಕನ್ನಡಿ ಸರಿಮಾಡ್ಕೋಬೇಕು. ಸೀಟ್ ಬೆಲ್ಟ್ ಎಲ್ಲಿದೆ?"

"ರೀ, ಗುಂಡು ಹಾರಿಸ್ತಿದ್ದಾರೆ!"

"ಹಾರಿಸ್ಲಿ. ಗಾಬರೀಲಿ ಗಾಡಿ ಎತ್ತಬೇಡಿ ಅಂತ ನಾನು ಮೊದಲನೇ ಪಾಠದಲ್ಲೇ ಹೇಳಿಕೊಡ್ತೀನಿ."

ಗಾಡಿ ಮದುವೆ ಮೆರವಣಿಗೆಯ ಗಾಂಭೀರ್ಯದಲ್ಲಿ ಹೊರಟಿತು. ತಿರುವು ಬಂದಾಗ ಮೇಷ್ಟ್ರು ಹಾರ್ನ್ ಹೊಡೆದರು. ಬೇರೆ ಕಡೆ ನೋಡುತ್ತಿದ್ದ ಶತ್ರುಗಳೂ ಇತ್ತ ತಿರುಗಿದರು! ಸೇತುವೆಯ ಬಾಯಲ್ಲಿ ಕಟ್ಟಡಗಳೆಲ್ಲ ಉರುಳಿಬಿದ್ದಿದ್ದವು. ಆದರೆ ಆಟದ ಎರಡನೇ ಭಾಗ ರೂಪಿಸಿದ ಕುಶಲಕರ್ಮಿಗಳು ಅಲ್ಲೊಂದು ಟ್ರಾಫಿಕ್ ದೀಪವನ್ನು ಉಳಿಸಿ, ಉರಿಸಿಯೂ ಇದ್ದರು. ಮೇಷ್ಟ್ರ ಬಲಗಾಲು ತಾನಾಗಿಯೇ ಜಮಖಾನೆಯನ್ನು ಬಲವಾಗಿ ಒತ್ತಿತು. ಕಾಲಿನ ಹಿಂದೆಯೇ ಕೈ ಬ್ರೇಕಿನ ಗುಂಡಿ ಒತ್ತಿತು. ಗಾಡಿ ನಿಂತಿತು.

"ಯಾಕ್ರೀ ನಿಲ್ಲಿಸಿದ್ರಿ?"

"ಕೆಂಪು ದೀಪ ಕಣೇ!"

"ಯುದ್ಧ ನಡೀತಿದೆ!"

"ನಡೀಲಿ. ಹಸಿರು ಬೀಳಲಿ."

ಬಿದ್ದದ್ದು ಹಸಿರಲ್ಲ, ರಾಕೆಟ್ಟು. ಗಾಡಿ, ಗಾಯಾಳುಗಳು, ಸೇತುವೆ, ಮೂರು ವಾರ, ಎಲ್ಲ ಒಟ್ಟಿಗೇ ಢಮಾರ್!

ಹೆಂಡತಿ ಮೆಲ್ಲಗೆ ಹೆಡ್‌ಫೋನ್ ತೆಗೆದಿಟ್ಟಳು. ಮೇಷ್ಟ್ರು ಸಿಡಿದರು: "ಕರಿ ನಿನ್ನ ಮೂರನೇ ನಂಬರಿನವನನ್ನ ಮನೆಗೆ! ಎಂಥಾ ಗಂಡು ಅಂತ ನೋಡೇಬಿಡ್ತೀನಿ!"

"ಯಾರನ್ನ ಕರೀಲಿ? ಅವನು ಮನುಷ್ಯನೇ ಅಲ್ಲ ರೀ, ಆಟದೊಳಗಿನ ಕಂಪ್ಯೂಟರ್ ಗೊಂಬೆ! ಇಷ್ಟು ದಿನ ಅವನ ಮೇಲೆ ಹೊಟ್ಟೆ ಉರ್ಕೊಂಡ್ರಾ?"

ಮೇಷ್ಟ್ರಿಗೆ ಹೋದ ಜೀವ ಬಂತು. ಬಂದದ್ದು ನಾಚಿಕೆಯಿಂದ ಮತ್ತೆ ಹೋಯಿತು. "ಗೊಂಬೆಯಾ? ಗೊಂಬೆ ಅಷ್ಟು ಚೆನ್ನಾಗಿ ಓಡಿಸುತ್ತಾ?"

"ಮೊದಲನೇ ಭಾಗದಲ್ಲಿ ಥೇಟ್ ನಿಮ್ಮ ಹಾಗೇ ಓಡಿಸ್ತಿದ್ದ. ಗುಂಡಿ ಒತ್ತಿ ಹೇಳಿದ್ದೂ ಕೇಳ್ತಿರಲಿಲ್ಲ, ಎಲ್ಲಂದರಲ್ಲಿ ನಿಲ್ಲಿಸ್ತಿದ್ದ. ಆಡೋರೆಲ್ಲ ದೂರು ಕೊಟ್ರು, ಎರಡನೇ ಭಾಗದಲ್ಲಿ ಸರಿಮಾಡಿದ್ರು." ಆಕೆ ಮೂಲೆಗೆ ತಿರುಗಿದಳು. "ಅತ್ತೇ, ನಿಮ್ಮ ಮಗನ ಮೇಲೆ ದೂರು ಎಲ್ಲಿ ಕೊಡಬೇಕು?"

ಅತ್ತೆ ಹೆಣಿಗೆಯಿಂದ ತಲೆ ಎತ್ತಲಿಲ್ಲ.

"ದೂರೆಲ್ಲ ನಾನು ಆವಾಗಲೇ ಕೊಟ್ಟಾಗಿದೆ ಕಣಮ್ಮ. ಮೊದಲನೇ ಭಾಗ ಇವರಪ್ಪ. ಸರಿಮಾಡಿದ ಎರಡನೇ ಭಾಗವೇ ಇವನು!"